ಕಲ್ಲು ಹಂಗ ಸದ್ದು ಮಾಡೂದಿಲ್ಲ

ಎಡಗೈಯ ನಡುಬೆರಳಿನ ಗೆಣ್ಣು ಈಗ ಬಾತಿದೆ.
ಇಪ್ಪತ್ತೇಳು ವರ್ಷ ಅದನ್ನು ಕಲಬುರಗಿಯ ಎದೆಗಳ ಮೇಲಿಟ್ಟು
ಬಲಗೈ ಬೆರಳಿಂದ ಬಡಿದಿದ್ದೇನೆ.
ಹುಡುಗರಿಗೆ ಹೇಳುತ್ತೇನೆ: ಒತ್ತಿ ಇಡಿ, ಮಣಿಕಟ್ಟು ಸಡಿಲ ಬಿಡಿ,
ಬಡಿದ ಕೂಡಲೇ ಎತ್ತಿ, ಬಿಸಿ ಹಂಚು ಮುಟ್ಟಿದವರ ಹಾಗೆ.
ಅವರು ಬಡಿಯುವುದು ಮಾತ್ರ
ಸಾಲ ಕೇಳಲು ಬಂದವರು ಬಾಗಿಲು ತಟ್ಟಿದ ಹಾಗೆ.

ಮೇ ತಿಂಗಳು. ವಾರ್ಡಿನ ಕೂಲರಿಗೆ ನೀರಿಲ್ಲ.
ಹದಿನೆಂಟನೇ ಮಂಚದಲ್ಲಿ ಶಹಾಬಾದಿನ ಸಾಯಬಣ್ಣ,
ನೀರು ತುಂಬಿದ ಬಲಮಗ್ಗುಲಿಗೇ ಮಲಗಿ.
"ಯಾವಾಗಿಂದ ದಮ್ಮು?" ಫರ್ಹೀನ್ ಕೇಳಿದಳು.
"ಜ್ವಾಳದ ರಾಶಿ ಆದಾಗಿಂದ್ರೀ."
ಮೂರು ತಿಂಗಳು, ಎಂದು ಬರೆದುಕೊಂಡಳು.
ಕೊಲ್ಲಂನ ಹುಡುಗ ಅವಳ ಪುಸ್ತಕಕ್ಕೆ ಇಣುಕಿ ನಕಲು ಮಾಡಿದ;
"ನೋವು ಅದಾ?" ಎಂಬಲ್ಲಿಂದ ಮುಂದೆ ಅವನ ಕನ್ನಡ ಹೋಗಿಲ್ಲ.
ಆದರೆ ಯಾವ ರೋಗಿಯ ಬಾಟಲಿ ಖಾಲಿಯಾದರೂ
ಕೆಳಗಿಳಿದು ನೀರು ತುಂಬಿ ತರುವವನು ಅವನೇ.
ಅದಕ್ಕೊಂದು ಕಾಲಂ ನನ್ನ ಅಂಕದ ಹಾಳೆಯಲ್ಲಿಲ್ಲ.

ಬಡಿದು ತೋರಿಸಿದೆ, ಬೆನ್ನ ಮೇಲಿಂದ ಕೆಳಕ್ಕೆ,
ಪಕ್ಕೆಲುಬಿನ ಒಂದೊಂದೇ ಸಂದು.
ಟೊಕ್. ಟೊಕ್. ಟೊಕ್. ಆಮೇಲೆ ಥಪ್.
"ಕೇಳಿದಿರಾ? ಸ್ಟೋನಿ ಡಲ್.
ಕಲ್ಲಿನ ಮೇಲೆ ಬಡಿದಂತೆ. ಬರೆದುಕೊಳ್ಳಿ."
ಆರು ಪೆನ್ನು ಓಡಿದವು.

"ಏನಂತ ಬರ್ಸಿದ್ರಿ ಬಾಯಾರ, ಹುಡುಗುರಿಗಿ?"
ಹೇಳಿದೆ.
ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತಾಗಿ,
"ಕಲ್ಲು ಹಂಗ ಸದ್ದು ಮಾಡೂದಿಲ್ರೀ.
ಮೂವತ್ತು ವರ್ಷ ಖಣಿಯಾಗ ಫರಸಿ ಎಬ್ಬಿಸೀನಿ.
ಛಲೋ ಕಲ್ಲಿಗಿ ಸುತ್ತಗಿ ತಾಕಿದ್ರ ಗಣ್ ಅಂತದ,
ಸಾಲಿ ಗಂಟಿ ಬಡದಂಗ.
ಒಳಗ ಸೀಳು ಬಿಟ್ಟದ್ದು ಬದ್ ಅಂತದ.
ಅದನ್ನ ಲಾರಿಗಿ ಏರ್ಸಂಗಿಲ್ಲ, ಬದಿಗಿ ಒಗಿತೀವಿ."
ಮತ್ತೆ ತನ್ನ ಎದೆಯನ್ನು ತಾನೇ ಒಮ್ಮೆ ತಟ್ಟಿಕೊಂಡು,
"ಇದು ತುಂಬಿದ ಕೊಡ ನೋಡ್ರಿ. ಕಲ್ಲಲ್ಲ."

ನನ್ನ ಮನೆಯ ನೆಲ ಅದೇ ಕಲ್ಲು. ಮೆಟ್ಟಿಲು, ಅಡುಗೆ ಕಟ್ಟೆ,
ಪಾಠ ಹೇಳುವ ಕೋಣೆಯ ನೆಲವೂ.
ಅದರ ಮೇಲೆ ನಿಂತೇ ಇಪ್ಪತ್ತೇಳು ಬ್ಯಾಚಿಗೆ
ಕಲ್ಲಿನಂತೆ ಎಂದೆ, ಒಮ್ಮೆಯೂ ಬಾಗಿ ಬಡಿಯದೆ.
ನನಗೆ ಹೇಳಿದವರೂ ಬಾಗಿರಲಿಲ್ಲ. ಅವರಿಗೆ ಹೇಳಿದವರು
ಬೇರೆ ಯಾವುದೋ ಸೀಮೆಯ, ಬೇರೆ ಕಲ್ಲಿನವರಿರಬೇಕು.

ಲೀಟರಿನ ಮೇಲೆ ನೀರು ತೆಗೆದೆವು, ಕಣಕಿಯ ಬಣ್ಣದ್ದು.
ಪುಸ್ತಕವೂ ಹುಲ್ಲಿನ ಬಣ್ಣವೆಂದೇ ಹೇಳುತ್ತದೆ;
ಅದನ್ನು ಇಲ್ಲಿಯವರೆಗೆ ಯಾರೂ ತಿದ್ದಿಲ್ಲ.
ಮತ್ತೆ ತೆಗೆದ ಎಕ್ಸ್‌ರೇ ಕಿಟಕಿಗೆ ಹಿಡಿದಾಗ
ಎರಡೂ ಕಡೆ ಸಣ್ಣ ಬಿಳಿ ಚುಕ್ಕೆ, ಜರಡಿ ಹಿಡಿದಂತೆ.
ಕಲ್ಲು ಇತ್ತು ಹಾಗಾದರೆ,
ಯಾರ ಬೆರಳಿಗೂ ಸಿಗದಷ್ಟು ಪುಡಿಯಾಗಿ.

"ಮತ್ತ ಖಣಿಗಿ ಹೋಗಬಹುದೇನ್ರೀ?"
ಹುಡುಗರು ಆರೂ ಮಂದಿ ನನ್ನ ಮುಖ ನೋಡಿದರು.
ಕೆಟ್ಟ ಸುದ್ದಿ ಹೇಳುವುದು ಹೇಗೆಂದು
ಪ್ರತಿ ವರ್ಷ ನಲವತ್ತು ನಿಮಿಷ ಮಾತಾಡುತ್ತೇನೆ,
ಕುರ್ಚಿ ಎಳೆದುಕೊಂಡು ಕೂಡಬೇಕು ಎಂಬಲ್ಲಿಂದ ಶುರುಮಾಡಿ.
"ಸಂಜಿಗಿ ಹೇಳ್ತೀನಿ," ಎಂದೆ, ನಿಂತೇ.
ಸಂಜೆ ಹೋದಾಗ ಎಷ್ಟೋ ದಿನಗಳ ಮೇಲೆ
ಎಡಮಗ್ಗುಲಾಗಿ ನಿದ್ದೆ ಹೋಗಿದ್ದ.
ಎಬ್ಬಿಸದಿದ್ದುದು ಕರುಣೆಯಿಂದಲೇ ಎಂದು
ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಪರೀಕ್ಷೆಯಲ್ಲಿ ಎಲ್ಲರೂ ಸ್ಟೋನಿ ಡಲ್ ಅಂದರು. ಪಾಸಾದರು.
ಹೊರಗಿನಿಂದ ಬಂದ ಪರೀಕ್ಷಕರ ಎದುರು ನಾನೂ ತಲೆಯಾಡಿಸಿದೆ.
ಫರ್ಹೀನ್ ಮಾತ್ರ ಹೇಳುವ ಮೊದಲು
ಒಂದು ಕ್ಷಣ ನೆಲ ನೋಡಿದಳು.

ಆ ರಾತ್ರಿ ಊಟದ ಪಾತ್ರೆ ಎತ್ತಿಟ್ಟು
ಲಟ್ಟಣಿಗೆ ಹಿಡಿದು ಅಡುಗೆಮನೆಯಲ್ಲಿ ಮೊಣಕಾಲೂರಿದೆ.
ಗಣ್. ಗಣ್. ಗಣ್.
"ಏನು ಬಿತ್ತು?" ಒಳಗಿನಿಂದ ಅವರು.
ಒಲೆಯ ಮುಂದಿನ ಒಂದು ಫರಸಿ,
ದಿನಾ ನಾನು ನಿಲ್ಲುವ ಜಾಗ,
ಬದ್ ಅಂದಿತು.